ಬ್ರೇಕಿನ ಘರ್ಷಣವಸ್ತುಗಳು: ರಸ್ತೆ ಮತ್ತು ಪಂದ್ಯಪಥಗಳ ನಡುವಣ ಆಯ್ಕೆಯ ಚಾರಿತ್ರಿಕ ವಿವೇಚನೆ

೧

ಮೋಟಾರು ವಾಹನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎಂಜಿನ್ನಿನ ಚರಿತ್ರೆಯನ್ನೇ ಬರೆದಿದ್ದಾರೆ. ವಾಹನವನ್ನು ಓಡಿಸುವ ಶಕ್ತಿಗೆ ಸಂದ ಗೌರವವು ಅದನ್ನು ನಿಲ್ಲಿಸುವ ಸಾಧನಕ್ಕೆ ಸಂದಿಲ್ಲ. ಆದರೆ ನಿಲ್ಲಿಸಲಾಗದ ವೇಗವನ್ನು ಯಾವ ಚಾಲಕನೂ ಧೈರ್ಯದಿಂದ ಬಳಸಲಾರನಾದುದರಿಂದ, ವೇಗದ ಚರಿತ್ರೆಯು ಬ್ರೇಕಿನ ಚರಿತ್ರೆಯನ್ನು ಬಿಟ್ಟು ಪೂರ್ಣವಾಗಲಾರದು. ಆ ಬ್ರೇಕಿನಲ್ಲಿಯೂ, ಚಕ್ರದೊಡನೆ ತಿರುಗುವ ಲೋಹವನ್ನು ಒತ್ತಿ ಹಿಡಿದು ತಾನು ಸವೆಯುತ್ತ ಹೋಗುವ ಘರ್ಷಣವಸ್ತುವಿನ ಕಥೆಯೇ ಪ್ರಕೃತ ಲೇಖನದ ವಿಷಯ. ಇಂದು ಇದನ್ನು ಸಾಮಾನ್ಯವಾಗಿ ಪ್ಯಾಡು ಎಂದು ಕರೆಯುತ್ತಾರೆ.

ಈ ವಿಷಯವನ್ನು ಒಂದು ನಿರ್ದಿಷ್ಟ ಪ್ರಶ್ನೆಯ ಮೂಲಕ ಪರಿಶೀಲಿಸುವುದು ನಮ್ಮ ಉದ್ದೇಶ. ಪಂದ್ಯಪಥವನ್ನು ಒಂದು ದಿನದ ಮಟ್ಟಿಗೆ ತೆರೆದು, ಸಾಮಾನ್ಯ ಮಾಲೀಕರು ತಮ್ಮ ಸ್ವಂತ ವಾಹನಗಳನ್ನು ಅಲ್ಲಿ ವೇಗವಾಗಿ ಓಡಿಸಲು ಅವಕಾಶ ಕೊಡುವ ಪದ್ಧತಿ ಈಗ ಅನೇಕ ದೇಶಗಳಲ್ಲಿ ರೂಢಿಯಲ್ಲಿದೆ. ಇದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಬೆಂಗಳೂರಿನ ಒಬ್ಬ ಮಾಲೀಕನು ಮದರಾಸಿನ ಸಮೀಪದ ಇರುಂಗಾಟ್ಟುಕೋಟ್ಟೈ ಪಂದ್ಯಪಥಕ್ಕೆ ಹೋಗಬೇಕಾದರೆ ಸುಮಾರು ೩೦೦ ಕಿಲೊಮೀಟರು ಹೆದ್ದಾರಿಯಲ್ಲಿ ಓಡಿಸಿ, ಪಥದಲ್ಲಿ ಸುತ್ತು ಹಾಕಿ, ಮತ್ತೆ ಅಷ್ಟೇ ದೂರ ಹಿಂದಿರುಗಬೇಕು. ಮರುದಿನ ಬೆಳಗ್ಗೆ ಅದೇ ವಾಹನದಲ್ಲಿ ಮಕ್ಕಳನ್ನು ಶಾಲೆಗೆ ಬಿಡಬೇಕು. ಇಷ್ಟೂ ಕೆಲಸಕ್ಕೆ ಒಂದೇ ಪ್ಯಾಡು ಸಾಕೆ? ಸಾಲದಿದ್ದರೆ ಯಾವುದನ್ನು ಯಾವುದಕ್ಕಾಗಿ ಬಿಟ್ಟುಕೊಡಬೇಕು? ಮೇಲ್ನೋಟಕ್ಕೆ ಇದು ಅಂಗಡಿಯಲ್ಲಿ ತೀರ್ಮಾನವಾಗುವ ಪ್ರಶ್ನೆಯೆಂದು ತೋರಬಹುದು. ಆದರೆ ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಹಿನ್ನೆಲೆಯಿದೆಯೆಂದೂ, ಆ ಹಿನ್ನೆಲೆಯನ್ನು ಅರಿತರೆ ಉತ್ತರವು ತಾನಾಗಿ ಸ್ಪಷ್ಟವಾಗುವುದೆಂದೂ ನಾವು ಭಾವಿಸುತ್ತೇವೆ.

೨

ಮೊತ್ತಮೊದಲ ಮೋಟಾರು ವಾಹನಗಳು ಬ್ರೇಕನ್ನು ಕುದುರೆಗಾಡಿಯಿಂದ ಎರವಲಾಗಿ ಪಡೆದುವು. ಚಕ್ರದ ಅಂಚನ್ನು ಮರದ ದಿಮ್ಮಿಯೊಂದು ಉಜ್ಜುತ್ತಿದ್ದಿತು; ಅಷ್ಟೆ. ೧೮೮೮ರ ಆಗಸ್ಟ್ ತಿಂಗಳಿನಲ್ಲಿ ಬರ್ತಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮನ್ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ಪತಿ ಕಾರ್ಲ್ ಬೆಂಜನು ನಿರ್ಮಿಸಿದ್ದ ವಾಹನದಲ್ಲಿ ಪ್ರಯಾಣಮಾಡಿದಳು. ಸುಮಾರು ೧೦೦ ಕಿಲೊಮೀಟರುಗಳ ಆ ದಾರಿಯ ಇಳಿಜಾರುಗಳಲ್ಲಿ ಮರದ ದಿಮ್ಮಿಗಳು ಸವೆದುಹೋಗಲು, ಆಕೆ ಒಬ್ಬ ಚಮ್ಮಾರನಿಂದ ಅವುಗಳಿಗೆ ತೊಗಲನ್ನು ಹೊಡೆಸಿದಳು. ಬ್ರೇಕಿನ ಚೌಕಟ್ಟು ಬೇರೆ, ಸವೆಯುವ ಹೊದಿಕೆ ಬೇರೆ ಎಂಬ ವಿಭಾಗವು ಹೀಗೆ ದಾರಿಯ ಅಗತ್ಯದಿಂದಲೇ ಹುಟ್ಟಿತು. ಇಂದಿನ ಪ್ಯಾಡಿನ ಮೂಲತತ್ತ್ವವೂ ಇದೇ.

ಈ ತತ್ತ್ವವನ್ನು ಒಂದು ಉದ್ಯಮವಾಗಿ ಬೆಳೆಸಿದವನು ಇಂಗ್ಲೆಂಡಿನ ಡರ್ಬಿಷೈರಿನ ಹರ್ಬರ್ಟ್ ಫ್ರೂಡನು. ಗುಡ್ಡಗಾಡಿನ ಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ದಿಮ್ಮಿಗೆ ಹಳೆಯ ಬೂಟುಗಳನ್ನು ಕಟ್ಟುತ್ತಿದ್ದುದನ್ನು ಅವನು ಗಮನಿಸಿದನೆಂದು ಪ್ರಸಿದ್ಧಿಯಿದೆ. ೧೮೯೭ರಲ್ಲಿ ಅವನು ಹತ್ತಿಯ ನೇಯ್ಗೆಗೆ ಅಂಟುದ್ರವ್ಯಗಳನ್ನು ಕುಡಿಸಿ ಬ್ರೇಕಿನ ಹೊದಿಕೆಗಳನ್ನು ತಯಾರಿಸತೊಡಗಿದನು. ಅವನ ಹೆಸರಿನ ಅಕ್ಷರಗಳನ್ನೇ ಪಲ್ಲಟಗೊಳಿಸಿ ಫೆರೋಡೊ ಎಂಬ ವಾಣಿಜ್ಯನಾಮ ರೂಪುಗೊಂಡಿತು. ಹತ್ತಿಯ ಹೊದಿಕೆ ಗಾಡಿಗೆ ಸಾಕಾಗಿದ್ದಿತು. ಮೋಟಾರಿನ ವೇಗದಲ್ಲಿ ಅದು ಸುಟ್ಟು ಕರಕಾಗುತ್ತಿದ್ದಿತು. ೧೯೦೮ರ ಹೊತ್ತಿಗೆ ಫ್ರೂಡನು ಹತ್ತಿಗೆ ಬದಲಾಗಿ ಕಲ್ನಾರನ್ನು, ಎಂದರೆ ಆಸ್ಬೆಸ್ಟಾಸನ್ನು, ಬಳಸತೊಡಗಿದನು. ಎಳೆಯಾಗಿ ನೇಯಬಹುದಾದ, ಬೆಂಕಿಗೆ ಬೇಯದ ಈ ಖನಿಜವು ಮುಂದಿನ ಎಪ್ಪತ್ತು ಎಂಬತ್ತು ವರ್ಷಗಳ ಕಾಲ ಬ್ರೇಕಿನ ಉದ್ಯಮದಲ್ಲಿ ಏಕಚಕ್ರಾಧಿಪತ್ಯ ನಡೆಸಿತು.

ಇದೇ ಅವಧಿಯಲ್ಲಿ ಯಂತ್ರರಚನೆಯೂ ಬದಲಾಯಿತು. ೧೯೦೨ರಲ್ಲಿ ಫ್ರಾನ್ಸಿನ ಲೂಯಿ ರೆನೋ ಡ್ರಮ್ಮು ಬ್ರೇಕಿಗೆ ಒಂದು ವ್ಯವಸ್ಥಿತ ರೂಪ ಕೊಟ್ಟನು. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರನು ಡಿಸ್ಕು ಬ್ರೇಕಿನ ಹಕ್ಕುಪತ್ರವನ್ನು ಪಡೆದನು. ಆದರೆ ಅವನ ಬ್ರೇಕಿನಲ್ಲಿ ಲೋಹವು ಲೋಹವನ್ನೇ ಉಜ್ಜುತ್ತಿದ್ದುದರಿಂದ ಅದರ ಕಿರಿಚಾಟ ಸಹಿಸಲಸಾಧ್ಯವಾಗಿದ್ದಿತು. ತಾಮ್ರದ ಹೊದಿಕೆಗಳು ಅಂದಿನ ಧೂಳು ರಸ್ತೆಗಳಲ್ಲಿ ಬೇಗನೆ ಸವೆಯುತ್ತಿದ್ದುವು. ಒಂದು ಒಳ್ಳೆಯ ಯಂತ್ರವು ತಕ್ಕ ಘರ್ಷಣವಸ್ತುವಿಲ್ಲದೆ ಅರ್ಧ ಶತಮಾನ ಕಾಯಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

೩

ಪಂದ್ಯಪಥವು ರಸ್ತೆಗಿಂತ ಭಿನ್ನವಾದ ಜಗತ್ತೆಂಬ ಭಾವನೆ ಆರಂಭದಲ್ಲಿ ಇರಲಿಲ್ಲ. ೧೯೨೧ರಲ್ಲಿ ಫ್ರಾನ್ಸಿನ ಗ್ರ್ಯಾನ್ ಪ್ರಿ ಪಂದ್ಯವನ್ನು ಗೆದ್ದ ಅಮೆರಿಕದ ಡ್ಯೂಸೆನ್‌ಬರ್ಗ್ ವಾಹನಕ್ಕೆ ನಾಲ್ಕು ಚಕ್ರಗಳಿಗೂ ದ್ರವಚಾಲಿತ ಬ್ರೇಕುಗಳಿದ್ದುವು. ಇಂಥ ಬ್ರೇಕುಗಳು ಆ ಕಂಪೆನಿಯ ರಸ್ತೆಯ ವಾಹನದಲ್ಲಿಯೂ ಬಂದುವು. ೧೯೨೭ರಲ್ಲಿ ಜರ್ಮನಿಯಲ್ಲಿ ತೆರೆಯಲಾದ ನ್ಯೂರ್‌ಬರ್ಗ್‌ರಿಂಗ್ ಪಥವು ಪಂದ್ಯವಿಲ್ಲದ ವೇಳೆಯಲ್ಲಿ, ಸುಂಕ ಕೊಟ್ಟ ಯಾರಿಗಾದರೂ ಪ್ರವೇಶವಿದ್ದ ರಸ್ತೆಯೇ ಆಗಿದ್ದಿತು. ಇಂದಿನ ಟ್ರ್ಯಾಕ್ ಡೇಯ ಪೂರ್ವಜನನ್ನು ನಾವು ಅಲ್ಲಿ ಕಾಣಬಹುದು. ೧೯೫೧ರ ಲ ಮಾನ್ ೨೪ ಗಂಟೆಗಳ ಪಂದ್ಯಕ್ಕೆ ಜಾಗ್ವಾರ್ ಕಂಪೆನಿಯು ತನ್ನ ಮೂರು ಸಿ-ಟೈಪ್ ವಾಹನಗಳನ್ನು ಲಾರಿಯಲ್ಲಿ ಹೇರದೆ ರಸ್ತೆಯ ಮೇಲೆಯೇ ಓಡಿಸಿಕೊಂಡು ಹೋಯಿತು. ಅವುಗಳಲ್ಲೊಂದು ಪಂದ್ಯವನ್ನು ಗೆದ್ದಿತು.

ಆದರೆ ಡ್ರಮ್ಮಿನ ಮಿತಿ ಆ ವೇಳೆಗೆ ಗೋಚರವಾಗತೊಡಗಿದ್ದಿತು. ಕಾದ ಡ್ರಮ್ಮು ಹಿಗ್ಗಿ, ಒಳಗಿನಿಂದ ಒತ್ತುವ ಲೈನಿಂಗಿನಿಂದ ದೂರ ಸರಿಯುತ್ತದೆ, ಪೆಡಲು ತಗ್ಗುತ್ತದೆ. ಅಲ್ಲದೆ ಡ್ರಮ್ಮಿನ ರಚನೆಯಲ್ಲಿ ಚಕ್ರದ ತಿರುಗುವಿಕೆಯೇ ಲೈನಿಂಗನ್ನು ಮತ್ತಷ್ಟು ಒಳಕ್ಕೆ ಎಳೆದುಕೊಳ್ಳುವುದರಿಂದ, ಘರ್ಷಣಾಂಕದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಬ್ರೇಕಿನ ಬಲದಲ್ಲಿ ಬಹಳ ವ್ಯತ್ಯಾಸವಾಗುತ್ತದೆ. ಡಿಸ್ಕಿನಲ್ಲಿ ಈ ಎರಡು ದೋಷಗಳೂ ಇಲ್ಲ. ಡನ್ಲಪ್ ಕಂಪೆನಿಯ ಡಿಸ್ಕುಗಳನ್ನು ತೊಟ್ಟ ಸಿ-ಟೈಪ್ ವಾಹನದಲ್ಲಿ ಸ್ಟರ್ಲಿಂಗ್ ಮಾಸನು ೧೯೫೨ರಲ್ಲಿ ರೀಮ್ಸ್ ಪಂದ್ಯವನ್ನು ಗೆದ್ದನು. ಮರುವರ್ಷ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನರು ಲ ಮಾನ್ ಪಂದ್ಯವನ್ನು, ಅಲ್ಲಿ ಮೊದಲ ಬಾರಿಗೆ ಗಂಟೆಗೆ ೧೦೦ ಮೈಲಿಗೂ ಮೀರಿದ ಸರಾಸರಿ ವೇಗದಲ್ಲಿ ಮುಗಿಸಿದರು. ೧೯೫೫ರಲ್ಲಿ ಡ್ರಮ್ಮನ್ನೇ ಉಳಿಸಿಕೊಂಡಿದ್ದ ಮರ್ಸಿಡಿಸ್ ವಾಹನಗಳು ಚಾಲಕನ ಬೆನ್ನಹಿಂದೆ ಮೇಲೇಳುವ ಒಂದು ಗಾಳಿತಡೆಯ ಹಲಗೆಯನ್ನು ಆಶ್ರಯಿಸಬೇಕಾಯಿತು. ಅದೇ ವರ್ಷ ಸಿಟ್ರೊಯೆನ್ ಡಿ. ಎಸ್., ಮರುವರ್ಷ ಟ್ರಯಂಫ್ ಟಿ. ಆರ್. ೩ ಮುಂಚಕ್ರಗಳಿಗೆ ಡಿಸ್ಕನ್ನು ಹೊತ್ತು ರಸ್ತೆಗೆ ಬಂದುವು.

ಪಂದ್ಯದಿಂದ ರಸ್ತೆಗೆ ಬಂದ ಈ ಕೊಡುಗೆಯನ್ನು ಚರಿತ್ರಕಾರರು ಸಾಮಾನ್ಯವಾಗಿ ಕೊಂಡಾಡುತ್ತಾರೆ. ಆದರೆ ರಸ್ತೆ ಮತ್ತು ಪಂದ್ಯಗಳ ಘರ್ಷಣವಸ್ತುಗಳು ಬೇರೆಬೇರೆಯಾಗಲು ಡಿಸ್ಕೇ ಕಾರಣವಾಯಿತೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಡಿಸ್ಕಿನ ಪ್ಯಾಡು ಡ್ರಮ್ಮಿನ ಲೈನಿಂಗಿಗಿಂತ ಬಹಳ ಚಿಕ್ಕದು. ಅದರ ಮೇಲೆ ಬೀಳುವ ಒತ್ತಡವೂ ಶಾಖವೂ ಬಹಳ ಹೆಚ್ಚು. ಆ ಶಾಖವನ್ನು ತಡೆಯಲು ಪಂದ್ಯಕ್ಕೆಂದೇ ಗಡುಸಾದ ಮಿಶ್ರಣಗಳು ತಯಾರಾದುವು. ೧೯೬೦ರ ದಶಕದ ಪಂದ್ಯಗಳಲ್ಲಿ ಹೆಸರಾದ ಫೆರೋಡೊ ಡಿ. ಎಸ್. ೧೧ ಇದಕ್ಕೆ ಉದಾಹರಣೆ. ಕಾದಾಗ ಅದು ನಂಬಿಕೆಗೆ ತಕ್ಕ ವಸ್ತು. ತಣ್ಣಗಿದ್ದಾಗ ಹಿಡಿತ ಕಡಮೆ, ಕಿರಿಚಾಟ ಹೆಚ್ಚು. ಪಂದ್ಯಕ್ಕೆ ಒಳ್ಳೆಯದಾದುದು ರಸ್ತೆಗೂ ಒಳ್ಳೆಯದೆಂಬ ಸರಳ ನಂಬಿಕೆ ಇಲ್ಲಿಂದ ಮುಂದೆ ನಿಲ್ಲುವುದಿಲ್ಲ.

೪

ಈ ಅಗಲಿಕೆಯ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಬ್ರೇಕು ಮಾಡುವ ಕೆಲಸವೆಂದರೆ ಚಲನೆಯ ಶಕ್ತಿಯನ್ನು ಶಾಖವಾಗಿ ಪರಿವರ್ತಿಸುವುದು. ಆ ಶಕ್ತಿಯು ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ೧,೨೦೦ ಕಿಲೊಗ್ರಾಂ ತೂಕದ ಒಂದು ಕಾರು ಗಂಟೆಗೆ ೫೦ ಕಿಲೊಮೀಟರು ವೇಗದಿಂದ ಪೂರ್ತಿ ನಿಂತರೆ ಸುಮಾರು ೧೧೬ ಕಿಲೊಜೂಲುಗಳ ಶಾಖ ಹುಟ್ಟುತ್ತದೆ. ಅದೇ ಕಾರು ಪಂದ್ಯಪಥದ ಒಂದು ತಿರುವಿಗಾಗಿ ೧೬೦ರಿಂದ ೬೦ಕ್ಕೆ ಇಳಿದರೆ ಹುಟ್ಟುವ ಶಾಖ ಸುಮಾರು ೧,೦೧೮ ಕಿಲೊಜೂಲು, ಎಂದರೆ ಹೆಚ್ಚುಕಡಮೆ ಒಂಬತ್ತು ಪಟ್ಟು. ಇದರಲ್ಲಿ ನೂರಕ್ಕೆ ೭೦ ಭಾಗ ಮುಂದಿನ ಎರಡು ಡಿಸ್ಕುಗಳಿಗೆ ಸೇರುವುದೆಂದೂ, ಅವು ತಲಾ ೭ ಕಿಲೊಗ್ರಾಂ ತೂಗುವ ಬೀಡು ಕಬ್ಬಿಣದವೆಂದೂ, ಆ ಕ್ಷಣದಲ್ಲಿ ಶಾಖವೆಲ್ಲವೂ ಅವುಗಳಲ್ಲಿಯೇ ನಿಲ್ಲುವುದೆಂದೂ ಇಟ್ಟುಕೊಳ್ಳೋಣ. ಊರಿನ ಒಂದು ನಿಲುಗಡೆಯಿಂದ ಡಿಸ್ಕಿನ ಉಷ್ಣತೆ ೧೨ ಅಥವಾ ೧೩ ಡಿಗ್ರಿ ಸೆಂಟಿಗ್ರೇಡ್ ಏರಿದರೆ, ಪಥದ ಒಂದೇ ತಿರುವಿನಿಂದ ಸುಮಾರು ೧೧೦ ಡಿಗ್ರಿ ಏರುತ್ತದೆ. ಆರುವುದಕ್ಕೆ ಬಿಡುವಿಲ್ಲದೆ ಇಂಥ ತಿರುವುಗಳು ಒಂದರ ಮೇಲೊಂದು ಬಂದರೆ ಉಷ್ಣತೆಯು ಹಲವು ನೂರು ಡಿಗ್ರಿಗಳನ್ನು ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ರಸ್ತೆಯ ಪ್ಯಾಡಿನ ಕಣಗಳನ್ನು ಒಂದುಗೂಡಿಸಿ ಹಿಡಿದಿರುವುದು ಫೀನಾಲಿನ ಕೃತಕ ರಾಳ. ೩೦೦ ಡಿಗ್ರಿಯನ್ನು ದಾಟಿದ ಮೇಲೆ ಆ ರಾಳವು ಒಡೆಯತೊಡಗಿ, ಹೊರಟ ಅನಿಲಗಳು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿ ಹಿಡಿತವನ್ನು ತಗ್ಗಿಸುತ್ತವೆ. ಇದಕ್ಕೆ ಫೇಡ್ ಎಂದು ಹೆಸರು. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲು ಮೆತ್ತಗಾಗಿ ತಳಕ್ಕೆ ಇಳಿದರೆ ಅದು ಬೇರೆಯೇ ದೋಷ: ಬ್ರೇಕಿನ ದ್ರವವು ಕುದಿಯುತ್ತಿದೆಯೆಂದು ಅರ್ಥ. ಡಾಟ್ ೪ ದರ್ಜೆಯ ಹೊಸ ದ್ರವವು ಕನಿಷ್ಠ ೨೩೦ ಡಿಗ್ರಿಯವರೆಗೆ ಕುದಿಯಬಾರದು. ತೇವವನ್ನು ಹೀರಿದ ಹಳೆಯ ದ್ರವಕ್ಕೆ ಈ ಮಿತಿ ೧೫೫ ಡಿಗ್ರಿಗೆ ಇಳಿಯುತ್ತದೆ. ಆದುದರಿಂದ ಪ್ಯಾಡನ್ನು ಬದಲಾಯಿಸಿ ದ್ರವವನ್ನು ಹಾಗೆಯೇ ಬಿಡುವುದು ಅರ್ಧ ಕೆಲಸ.

ಪಂದ್ಯದ ಮಿಶ್ರಣಗಳು ಈ ಮೇಲ್ಮಿತಿಯನ್ನು ಎತ್ತರಿಸುತ್ತ ಹೋದುವು. ೧೯೭೦ರ ದಶಕದಲ್ಲಿ ಉಕ್ಕಿನ ಎಳೆಗಳನ್ನು ಸೇರಿಸಿದ ಅರೆಲೋಹದ ಪ್ಯಾಡುಗಳು ಅಮೆರಿಕದ ಭಾರವಾದ ಕಾರುಗಳಲ್ಲಿ ಬಳಕೆಗೆ ಬಂದುವು. ೧೯೭೬ರಲ್ಲಿ ಬ್ರಾಬಮ್ ತಂಡದ ಗಾರ್ಡನ್ ಮರ್ರಿಯು ಇಂಗಾಲದ ಬ್ರೇಕುಗಳನ್ನು ಫಾರ್ಮುಲಾ ಒನ್ ಪಂದ್ಯಗಳಲ್ಲಿ ಪ್ರಯೋಗಿಸಿದನು. ಇಂಗಾಲವು ಕಬ್ಬಿಣ ಸೋಲುವ ಉಷ್ಣತೆಯಲ್ಲಿಯೂ ದುಡಿಯುತ್ತದೆ. ಆದರೆ ಹಲವು ನೂರು ಡಿಗ್ರಿ ಕಾಯದ ಹೊರತು ಅದು ಸರಿಯಾಗಿ ಹಿಡಿಯುವುದೇ ಇಲ್ಲ. ಮೇಲ್ಮಿತಿಯನ್ನು ಏರಿಸಿದಂತೆ ಕೆಳಮಿತಿಯೂ ಏರುವ ಪ್ರವೃತ್ತಿಯ ಪರಾಕಾಷ್ಠೆಯಿದು.

೫

ಹೀಗೆ ಪ್ರತಿಯೊಂದು ಮಿಶ್ರಣವೂ ಒಂದು ಗುಣವನ್ನು ಗಳಿಸಲು ಇನ್ನೊಂದನ್ನು ತೆತ್ತಿದೆ. ಆ ಬೆಲೆಯನ್ನು ಎಲ್ಲ ಕಾಲದಲ್ಲಿಯೂ ಚಾಲಕನೇ ತೆತ್ತಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು. ಕಲ್ನಾರಿನ ವಿಷಯವನ್ನೇ ನೋಡೋಣ. ೧೯೨೪ರಲ್ಲಿ ಇಂಗ್ಲೆಂಡಿನ ರಾಕ್‌ಡೇಲಿನ ಕಲ್ನಾರಿನ ಕಾರ್ಖಾನೆಯಲ್ಲಿ ದುಡಿದು ಮಡಿದ ನೆಲ್ಲಿ ಕರ್ಷಾ ಎಂಬಾಕೆಯ ಶ್ವಾಸಕೋಶಗಳನ್ನು ಪರೀಕ್ಷಿಸಿದ ವೈದ್ಯ ವಿಲಿಯಂ ಕುಕನು ಆ ಧೂಳಿನ ಘಾತಕ ಪರಿಣಾಮವನ್ನು ಪ್ರಕಟಪಡಿಸಿದನು. ೧೯೩೦ರಲ್ಲಿ ಮೆರೆವೆದರ್ ಮತ್ತು ಪ್ರೈಸರ ವರದಿ ಹೊರಬಂದಿತು. ೧೯೩೧ರಲ್ಲಿ ಬ್ರಿಟಿಷ್ ಸರ್ಕಾರವು ಕಾರ್ಖಾನೆಗಳಿಗೆ ನಿಯಮಗಳನ್ನು ವಿಧಿಸಿತು. ಆದರೂ ಕಲ್ನಾರಿನ ಪ್ಯಾಡುಗಳು ದಶಕಗಳ ಕಾಲ ಮುಂದುವರಿದುವು. ಗ್ಯಾರೇಜುಗಳಲ್ಲಿ ಡ್ರಮ್ಮಿನ ಧೂಳನ್ನು ಗಾಳಿಯ ಕೊಳವೆಯಿಂದ ಊದುತ್ತಿದ್ದ ಕೆಲಸಗಾರರು ಅದನ್ನು ಉಸಿರಾಡಿದರು. ಬ್ರಿಟನ್ನು ೧೯೯೯ರಲ್ಲಿಯೂ, ಯುರೋಪಿನ ಒಕ್ಕೂಟವು ೨೦೦೫ರಲ್ಲಿಯೂ ಈ ಖನಿಜದ ಬಳಕೆಗೆ ತೆರೆ ಎಳೆದುವು. ಅಮೆರಿಕದಲ್ಲಿ ೧೯೮೯ರ ನಿಷೇಧವನ್ನು ೧೯೯೧ರಲ್ಲಿ ನ್ಯಾಯಾಲಯವು ಬಹುಮಟ್ಟಿಗೆ ತಳ್ಳಿಹಾಕಿದ್ದು, ಬಿಳಿಯ ಕಲ್ನಾರಿನ ಮೇಲೆ ಹೊಸ ನಿಷೇಧವನ್ನು ೨೦೨೪ರಲ್ಲಿ ಘೋಷಿಸಲಾಯಿತು.

ಕಲ್ನಾರಿನ ಸ್ಥಾನಕ್ಕೆ ಬಂದ ವಸ್ತುಗಳಲ್ಲಿ ತಾಮ್ರವೂ ಒಂದು. ಶಾಖವನ್ನು ಬೇಗ ಹರಡುವ ಗುಣದಿಂದ ಅದು ಪ್ಯಾಡಿಗೆ ಬಹಳ ಉಪಕಾರಿ. ಆದರೆ ಸವೆದ ತಾಮ್ರವು ಮಳೆಯ ನೀರಿನೊಡನೆ ತೊರೆಗಳನ್ನು ಸೇರಿ, ಸಾಲ್ಮನ್ ಮೀನುಗಳ ವಾಸನಾಶಕ್ತಿಯನ್ನು ಕುಂದಿಸುತ್ತದೆ. ಅಮೆರಿಕದ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು ೨೦೧೦ರಲ್ಲಿ ಶಾಸನಗಳನ್ನು ಮಾಡಿ, ಪ್ಯಾಡಿನಲ್ಲಿ ತಾಮ್ರದ ಪ್ರಮಾಣವು ೨೦೨೧ರಿಂದ ನೂರಕ್ಕೆ ೫ಕ್ಕೂ, ೨೦೨೫ರಿಂದ ನೂರಕ್ಕೆ ಅರ್ಧಕ್ಕೂ ಇಳಿಯಬೇಕೆಂದು ವಿಧಿಸಿದುವು. ೨೦೨೪ರಲ್ಲಿ ಯುರೋಪಿನ ಒಕ್ಕೂಟವು ಅಂಗೀಕರಿಸಿದ ನಿಯಮವು ಹೊಗೆಯಂತೆಯೇ ಬ್ರೇಕಿನ ಧೂಳಿಗೂ ಮೊದಲ ಬಾರಿಗೆ ಮಿತಿಯನ್ನು ಗೊತ್ತುಪಡಿಸಿತು. ಪ್ಯಾಡಿನ ಆಯ್ಕೆಯು ಕೇವಲ ಮಾಲೀಕನ ಸ್ವಂತ ವಿಚಾರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

೬

ಇಷ್ಟು ಹಿನ್ನೆಲೆಯೊಡನೆ ಮೊದಲಿನ ಪ್ರಶ್ನೆಗೆ ಮರಳೋಣ. ಆಯ್ಕೆಗೆ ಲಭ್ಯವಿರುವ ಸಾಧನಗಳಲ್ಲಿ ಒಂದು, ಅಮೆರಿಕದ ಪದ್ಧತಿಯಂತೆ ಪ್ಯಾಡಿನ ಮೇಲೆ ಅಚ್ಚಾಗಿರುವ ಎರಡು ರೋಮನ್ ಅಕ್ಷರಗಳು. ಮೊದಲನೆಯದು ಸಾಮಾನ್ಯ ಉಷ್ಣತೆಯ ಘರ್ಷಣಾಂಕವನ್ನೂ ಎರಡನೆಯದು ಹೆಚ್ಚಿನ ಉಷ್ಣತೆಯ ಘರ್ಷಣಾಂಕವನ್ನೂ ಸೂಚಿಸುತ್ತವೆ. ಇ ಅಕ್ಷರವೆಂದರೆ ೦.೨೫ರಿಂದ ೦.೩೫, ಎಫ್ ಎಂದರೆ ೦.೩೫ರಿಂದ ೦.೪೫, ಜಿ ಎಂದರೆ ೦.೪೫ರಿಂದ ೦.೫೫. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳದರ್ಜೆಯದಾದರೆ ಆ ಪ್ಯಾಡು ಕಾದಾಗ ಸೋಲುವುದೆಂದು ಊಹಿಸಬಹುದು. ಆದರೆ ಈ ಪರೀಕ್ಷೆಯಲ್ಲಿ 'ಸಾಮಾನ್ಯ' ಎಂಬ ಮಾತಿನ ಅರ್ಥವೇನೆಂಬುದನ್ನು ಗಮನಿಸಬೇಕು. ಅದು ಸುಮಾರು ೯೩ರಿಂದ ೨೦೪ ಡಿಗ್ರಿ ಸೆಂಟಿಗ್ರೇಡಿನ ನಡುವೆ ಅಳೆದ ನಾಲ್ಕು ಬೆಲೆಗಳ ಸರಾಸರಿ. ಬೆಳಗಿನ ತಂಪಿನಲ್ಲಿ ಮನೆಯಿಂದ ಹೊರಟ ಕಾರಿನ ಮೊದಲನೆಯ ನಿಲುಗಡೆಯಲ್ಲಿ ಪ್ಯಾಡಿನ ಉಷ್ಣತೆ ೨೫ ಅಥವಾ ೩೦ ಡಿಗ್ರಿ ಇದ್ದೀತು. ಆ ನಿಲುಗಡೆಯ ವಿಷಯವಾಗಿ ಈ ಅಕ್ಷರಗಳು ಏನನ್ನೂ ಹೇಳುವುದಿಲ್ಲ.

ರಸ್ತೆಯಲ್ಲಿ ಪ್ರಾಣಾಪಾಯವಿರುವುದು ಆ ನಿಲುಗಡೆಯಲ್ಲಿಯೇ. ತಣ್ಣಗಿರುವಾಗ ೦.೪೦ ಘರ್ಷಣಾಂಕವುಳ್ಳ ರಸ್ತೆಯ ಪ್ಯಾಡಿಗೆ ಬದಲಾಗಿ ೦.೨೫ ಮಾತ್ರ ಕೊಡುವ ಪಂದ್ಯದ ಪ್ಯಾಡನ್ನು ಹಾಕಲಾಗಿದೆಯೆಂದು ಭಾವಿಸೋಣ. ಮೊದಲನೆಯದರಿಂದ ಗಂಟೆಗೆ ೫೦ ಕಿಲೊಮೀಟರು ವೇಗದ ಕಾರು ೧೬ ಮೀಟರಿನಲ್ಲಿ ನಿಲ್ಲುವಂತೆ ಕಾಲು ಒತ್ತುತ್ತಿದ್ದರೆ, ಎರಡನೆಯದರಿಂದ ಅದೇ ಒತ್ತಡಕ್ಕೆ ಸುಮಾರು ೨೬ ಮೀಟರು ಬೇಕಾಗುತ್ತದೆ. ಇನ್ನೂ ಬಲವಾಗಿ ಒತ್ತಬಹುದಲ್ಲ ಎಂದರೆ, ಒತ್ತಬೇಕೆಂದು ಅರಿವಾಗುವಷ್ಟರಲ್ಲಿಯೇ ಕಾರು ಹಲವು ಮೀಟರು ಮುಂದೆ ಸರಿದಿರುತ್ತದೆ. ಪಂದ್ಯಪಥದಲ್ಲಿ ಮೊದಲ ಸುತ್ತನ್ನು ಪ್ಯಾಡು ಕಾಯಿಸುವುದಕ್ಕೆ ಮೀಸಲಿಡಬಹುದು. ಅಲ್ಲಿ ಅಡ್ಡ ಬರುವ ಮಗುವಿಲ್ಲ. ರಸ್ತೆಯಲ್ಲಿ ಅಂಥ ಸಾವಕಾಶವಿಲ್ಲ.

ಆದುದರಿಂದ ಆಯ್ಕೆಯು ಕೆಳಮಿತಿಯಿಂದ ಪ್ರಾರಂಭವಾಗತಕ್ಕದ್ದು. ತಣ್ಣನೆಯ ಸ್ಥಿತಿಯಲ್ಲಿ ಕಾರಿನ ಮೂಲ ಪ್ಯಾಡಿಗೆ ಸಮನಾದ ಹಿಡಿತವಿರುವ ಪ್ಯಾಡುಗಳನ್ನು ಮೊದಲು ಆರಿಸಿ, ಅವುಗಳೊಳಗೆ ಹೆಚ್ಚಿನ ಮೇಲ್ಮಿತಿಯುಳ್ಳದನ್ನು ಹಿಡಿಯಬೇಕು. ಮೇಲ್ಮಿತಿಯನ್ನು ಮೊದಲು ನೋಡಿ ತಣ್ಣನೆಯ ಹಿಡಿತವನ್ನು ಅದೃಷ್ಟಕ್ಕೆ ಬಿಡಬಾರದು. ಯುರೋಪಿನಲ್ಲಿ ಅನುಸರಿಸುವ ವಿಶ್ವಸಂಸ್ಥೆಯ ೯೦ನೆಯ ನಿಯಮವು ಬದಲಿ ಪ್ಯಾಡಿನ ವರ್ತನೆ ಮೂಲ ಪ್ಯಾಡಿಗಿಂತ ನೂರಕ್ಕೆ ೧೫ಕ್ಕಿಂತ ಹೆಚ್ಚು ಭಿನ್ನವಾಗಿರಬಾರದೆಂದು ಹೇಳುವುದರ ಆಶಯವೂ ಇದೇ. ಪಂದ್ಯದ ಅನೇಕ ಪ್ಯಾಡುಗಳಿಗೆ ಈ ಮಾನ್ಯತೆ ಇರುವುದಿಲ್ಲ. ಅಂತೆಯೇ ಮುಂದಿನ ಮತ್ತು ಹಿಂದಿನ ಚಕ್ರಗಳ ಪ್ಯಾಡುಗಳ ನಡುವಣ ಸಮತೋಲವನ್ನು ಕೆಡಿಸಬಾರದು. ಹಿಂದಿನವು ಅತಿಯಾಗಿ ಬಲವಾದರೆ ಹಿಂಚಕ್ರಗಳು ಮೊದಲು ಬಿಗಿದು ಕಾರು ತಿರುಗಿ ನಿಲ್ಲಬಹುದು.

ಫೆರೋಡೊ ಡಿ. ಎಸ್. ೨೫೦೦ರಂತೆ ಉಭಯೋಪಯೋಗಕ್ಕೆಂದು ಪ್ರಸಿದ್ಧವಾದ ಮಿಶ್ರಣಗಳು ಈ ಎರಡು ಮಿತಿಗಳ ನಡುವೆ ಒಂದು ರಾಜಿಯನ್ನು ಏರ್ಪಡಿಸುತ್ತವೆ. ಹಗುರವಾದ ಕಾರು, ಚಿಕ್ಕ ಅವಧಿಯ ಸುತ್ತುಗಳು, ನಡುವೆ ಆರಲು ಬಿಡುವು, ಹೊಸ ದ್ರವ, ಇಷ್ಟಿದ್ದರೆ ಇಂಥ ರಾಜಿ ಸಾಕಾಗುತ್ತದೆ. ಭಾರವಾದ, ಹೆಚ್ಚು ಶಕ್ತಿಯ ಕಾರಿಗೆ ಇದು ಸಾಲದು. ಆಗ ಉಳಿಯುವ ಪ್ರಾಮಾಣಿಕ ಮಾರ್ಗವೆಂದರೆ ಎರಡು ಜೊತೆ ಪ್ಯಾಡುಗಳನ್ನು ಇಟ್ಟುಕೊಂಡು, ಪಥದ ಬಳಿಯಲ್ಲಿಯೇ ಬದಲಾಯಿಸಿ, ಹಿಂದಿರುಗುವ ಮೊದಲು ಮತ್ತೆ ಬದಲಾಯಿಸುವುದು. ಪ್ರತಿಯೊಂದು ಮಿಶ್ರಣವೂ ಡಿಸ್ಕಿನ ಮೇಲೆ ತನ್ನದೇ ಆದ ತೆಳುವಾದ ಲೇಪವನ್ನು ಕಟ್ಟುವುದರಿಂದ, ಬದಲಾಯಿಸಿದಾಗಲೆಲ್ಲ ಹೊಸ ಪ್ಯಾಡನ್ನು ಕ್ರಮವಾಗಿ ಕಾಯಿಸಿ ಆರಿಸಿ ಪಳಗಿಸುವುದು ಅವಶ್ಯಕ. ಶ್ರಮವಾದರೂ ಈ ಮಾರ್ಗದಲ್ಲಿ ಬೆಲೆಯನ್ನು ತೆರುವವನು ಮಾಲೀಕನೇ ಹೊರತು ದಾರಿಹೋಕನಲ್ಲ.

೭

ಮೇಲಿನ ವಿವೇಚನೆಯಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ರಸ್ತೆ ಮತ್ತು ಪಂದ್ಯಗಳ ಅಗತ್ಯಗಳು ಒಂದೇ ಎಂಬ ಭಾವನೆ ತೊಗಲು ಮತ್ತು ಹತ್ತಿಯ ಕಾಲಕ್ಕೆ ಸಲ್ಲುತ್ತಿದ್ದಿತು; ಡಿಸ್ಕು ಬಂದ ಮೇಲೆ ಅವೆರಡರ ಹಾದಿಗಳು ಅಗಲಿ, ಇಂಗಾಲದ ಕಾಲಕ್ಕೆ ಸಂಪೂರ್ಣ ಬೇರೆಯಾದುವು. ಎರಡನೆಯದಾಗಿ, ಎಲ್ಲಕ್ಕೂ ಸಲ್ಲುವ ಘರ್ಷಣವಸ್ತು ಇದುವರೆಗೆ ದೊರೆತಿಲ್ಲ. ದೊರೆತಿದೆಯೆಂದು ಲೋಕ ನಂಬಿದ ಕಲ್ನಾರಿನ ಬೆಲೆಯನ್ನು ಕಾರ್ಖಾನೆ ಮತ್ತು ಗ್ಯಾರೇಜುಗಳ ಕೆಲಸಗಾರರು ತಮ್ಮ ಉಸಿರಿನಿಂದ ತೆತ್ತರು. ಒಂದೇ ಪ್ಯಾಡು ಎಲ್ಲ ಕೆಲಸಕ್ಕೂ ಸರಿಯೆಂಬ ಮಾತನ್ನು ಕೇಳಿದಾಗ, ಅದರ ಕೊರತೆಯು ಎಲ್ಲಿ, ಯಾರ ಪಾಲಿಗೆ ಬೀಳುವುದೆಂದು ವಿಚಾರಿಸುವುದು ಚರಿತ್ರೆಯನ್ನು ಓದಿದವರ ಕರ್ತವ್ಯ. ಬ್ರೇಕಿನ ಯಂತ್ರರಚನೆಯ ಚರಿತ್ರೆ ಸಾಕಷ್ಟು ಬರೆಯಲ್ಪಟ್ಟಿದೆ. ಅದನ್ನು ತಯಾರಿಸಿದ, ಬಿಚ್ಚಿ ಜೋಡಿಸಿದ ಕೈಗಳ ಚರಿತ್ರೆಯನ್ನು ವಿದ್ಯಾರ್ಥಿಗಳು ಕೈಗೊಳ್ಳುವುದಾದರೆ ಈ ಕ್ಷೇತ್ರದಲ್ಲಿ ಇನ್ನೂ ಬಹಳಷ್ಟು ಕೆಲಸ ಉಳಿದಿದೆ.